ಮೆಲ್ಬರ್ನ್‌ನಲ್ಲಿ ಭೂಮಿ ಹುಣ್ಣಿಮೆ

ಪ್ರಶ್ನೆ: ಅಕ್ಕಾ, ಮಗಳ ಮನೆಗೆ ಅಂತ ಮೆಲ್ಬರ್ನ್‌ಗೆ ಹೊರಟಿದ್ದೇನೆ. ತೆನೆ ಹೊತ್ತ ಭೂಮಿಗೆ ಬಯಕೆ ಊಟ ಹಾಕುವ ಭೂಮಿ ಹುಣ್ಣಿಮೆ ಈ ಸಲ ಅಲ್ಲೇ ಆಗುತ್ತೆ. ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದು ತಗೊಂಡು ಹೋಗಲಾ? ಹಚ್ಚಂಬಲಿಗೆ, ಅದೇ ಗದ್ದೆಗೆ ಬೀರುವ ಬೆರಕೆ ಸೊಪ್ಪಿನ ಎಡೆಗೆ, ಸೊಪ್ಪು-ಕುಡಿ ಒಣಗಿಸಿ ಇಟ್ಟಿದ್ದೇನೆ. ಅಳಿಯ ಮಾತ್ರ, ‘ಅಲ್ಲಿ ಆಗ ವಸಂತ, ಯಾವ ಬೆಳೆಗೆ ಬಯಕೆ ಊಟ ಹಾಕ್ತೀರಿ ಅತ್ತೆ?’ ಅಂತ ನಗುತ್ತಾನೆ.
— ಸಾಗರ ಸೀಮೆಯ ಒಬ್ಬ ತಾಯಿ

ಉತ್ತರ: ನಗಲಿ ಬಿಡಿ ತಂಗೀ. ಆದರೆ ಅಳಿಯಂದಿರು ಒಮ್ಮೆ ಕಾರು ಹತ್ತಿಸಿಕೊಂಡು ಊರಾಚೆ ಹೋಗಿ ನೋಡಿ ಬರಲಿ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯ ಗೋಧಿಯ ಸೀಮೆ. ಅಲ್ಲಿ ಗೋಧಿ ಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ. ಅಂದರೆ ಅಕ್ಟೋಬರ್‌ನಲ್ಲಿ ತೆನೆಯಲ್ಲಿ ಹಾಲು ತುಂಬುವ ಕಾಲ. ನಮ್ಮ ಗದ್ದೆಯಲ್ಲಿ ಭತ್ತ ಹೊಡೆ ಬಿಚ್ಚಿ ನಿಂತಾಗ ಅಲ್ಲೂ ಭೂಮಿ ಬಸುರಿಯೇ. ಲಂಡನ್ನಿನಲ್ಲಿ ಇರುವವರಿಗೆ ಈ ಭಾಗ್ಯ ಇಲ್ಲ, ಅಲ್ಲಿ ಅಷ್ಟೊತ್ತಿಗೆ ಗೋಧಿ ಕೊಯ್ದು ಒಳಗಿಟ್ಟಾಗಿರುತ್ತದೆ. ಆದರೆ ಯಾರದೋ ಹೊಲಕ್ಕೆ ನುಗ್ಗಿ ಚರಗ ಅಂತ ಎಡೆ ಚೆಲ್ಲಬೇಡಿ. ದೂರದಿಂದ ಕೈ ಮುಗಿದರೆ ಸಾಕು. ಎಡೆ ಮನೆ ಹಿತ್ತಲಲ್ಲೇ ಇಡಿ.

ಇನ್ನು ಬುಟ್ಟಿ. ಸಗಣಿ, ಕೆಮ್ಮಣ್ಣು ಬಳಿದ ಬುಟ್ಟಿಯನ್ನು ಆಸ್ಟ್ರೇಲಿಯಾದ ವಿಮಾನ ನಿಲ್ದಾಣದಲ್ಲಿ ಒಳಗೆ ಬಿಡುವುದಿಲ್ಲ. ಹಸಿ ಸೊಪ್ಪು, ಬೀಜ, ಮಣ್ಣು ಅಂದರೆ ಆ ದೇಶಕ್ಕೆ ಭಾರೀ ಭಯ, ಹೊರಗಿನ ಹುಳ-ರೋಗ ಬಂದೀತು ಅಂತ. ವಿಮಾನದಲ್ಲೇ ಕೊಡುವ ಚೀಟಿಯಲ್ಲಿ ತಿಂಡಿ, ಮರದ ಸಾಮಾನು, ಗಿಡದ್ದೇನಿದ್ದರೂ ಬರೆಯಬೇಕು. ಬರೆಯದೆ ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾಗುತ್ತದೆ. ಹಾಗಾಗಿ ಒಣಗಿಸಿದ ಸೊಪ್ಪೂ ಮನೆಯಲ್ಲೇ ಇರಲಿ.

ಬುಟ್ಟಿ ಅಲ್ಲೇ ಒಂದು ಕೊಂಡುಕೊಳ್ಳಿ. ಕೆಮ್ಮಣ್ಣಿನ ಬದಲು ಕೆಂಪು ಬಣ್ಣ ಬಳಿಯಿರಿ, ಒಣಗಿದ ಮೇಲೆ ನೆನೆಸಿ ರುಬ್ಬಿದ ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯಿರಿ. ಕುಂಚಕ್ಕೆ ಪುಂಡಿ ನಾರು ಸಿಗದಿದ್ದರೆ ಬೆಂಕಿಕಡ್ಡಿಗೆ ಹತ್ತಿ ಸುತ್ತಿಕೊಳ್ಳಿ. ಗೆರೆ ಸ್ವಲ್ಪ ದಪ್ಪ ಬರುತ್ತದೆ, ಬರಲಿ. ಭತ್ತದ ಸಸಿ, ಏಣಿ ಎರಡನ್ನಾದರೂ ಮೊಮ್ಮಗಳ ಕೈಯಲ್ಲಿ ಬರೆಸಿ. ನೀವು ಪಕ್ಕದಲ್ಲಿ ಕೂತು ‘ಹಾಗಲ್ಲ, ಹೀಗೆ’ ಅಂತ ಜಾಸ್ತಿ ಹೇಳಬೇಡಿ.

ಹಚ್ಚಂಬಲಿ ಸೊಪ್ಪಿಗೆ ಹರಿವೆ, ಮೆಂತೆ, ಪಾಲಕ್, ಮಾರುಕಟ್ಟೆಯಲ್ಲಿ ಸಿಕ್ಕಿದ್ದನ್ನೆಲ್ಲ ಹಾಕಿ. ನೂರೊಂದು ಬಗೆಯ ಕುಡಿ ಹಾಕಬೇಕು ಅಂತಾರೆ, ನಮ್ಮಲ್ಲೂ ಈಗ ಯಾರು ಎಣಿಸಿ ಕೊಯ್ಯುತ್ತಾರೆ? ರಸ್ತೆ ಬದಿಯದ್ದು ಮಾತ್ರ ಬೇಡ, ಕಳೆನಾಶಕ ಹೊಡೆದಿರುತ್ತಾರೆ. ಎಡೆಗಿಡುವ ಕಡುಬಿಗೆ ಅಲ್ಲಿಯ ಉದ್ದ ಸೌತೆಕಾಯಿ ನಡೆಯುತ್ತದೆ, ಆದರೆ ಅದರಲ್ಲಿ ನೀರು ಜಾಸ್ತಿ. ತುರಿದ ಮೇಲೆ ಅಕ್ಕಿ ರವೆ, ಬೆಲ್ಲ ಸೇರಿಸಿ ಅರ್ಧ ಗಂಟೆ ಸುಮ್ನೆ ಬಿಡಿ. ರವೆ ಆ ನೀರನ್ನೇ ಕುಡಿದು ಉಬ್ಬಬೇಕು, ಬೇರೆ ನೀರು ತಾಗಿಸಬೇಡಿ. ಚಮಚ ನೆಟ್ಟರೆ ನಿಲ್ಲುವ ಹದಕ್ಕೆ ಬಂದಾಗ ಬಾಳೆಲೆಯಲ್ಲಿ ಮಡಿಸಿ ಹಬೆಗಿಡಿ.

ಇನ್ನೊಂದು ವಿಷಯ. ಊರಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಗಂಡಸರು ದೊಂದಿ ಹಿಡಿದು ಗದ್ದೆಗೆ ಹೊರಟಾಗ ಮೆಲ್ಬರ್ನ್‌ನಲ್ಲಿ ಬೆಳಗ್ಗೆ ಒಂಬತ್ತೂವರೆ ಆಗಿರುತ್ತದೆ. ಮೊಮ್ಮಗಳನ್ನು ನಿದ್ದೆಯಿಂದ ಎಬ್ಬಿಸುವ ಗೋಳಿಲ್ಲ! ಫೋನ್ ಹಚ್ಚಿ, ‘ಭೂಮ್ತಾಯಿ ಬಂದು ಉಣ್ಣಲಿ’ ಅಂತ ಊರಿನವರು ಕೂಗಿದಾಗ ನೀವೂ ಕೂಗಿ.

ಪ್ರಶ್ನೆ: ಮಗ ಜರ್ಮನಿಯಲ್ಲಿದ್ದಾನೆ. ದೀಪಾವಳಿಗೆ ಪಟಾಕಿ ಕಳಿಸಬಹುದಾ?
— ತೀರ್ಥಹಳ್ಳಿಯ ಒಬ್ಬ ಓದುಗರು

ಉತ್ತರ: ಬೇಡವೇ ಬೇಡ ಅಣ್ಣಾ. ಪಟಾಕಿಯನ್ನು ಪಾರ್ಸೆಲ್ಲಿನಲ್ಲಿ ಕಳಿಸುವಂತಿಲ್ಲ. ಅಲ್ಲಿ ಸಾಮಾನ್ಯ ಜನ ಪಟಾಕಿ ಹೊಡೆಯಬಹುದಾದದ್ದು ಹೊಸ ವರ್ಷಕ್ಕೆ, ಡಿಸೆಂಬರ್ 31 ಮತ್ತು ಜನವರಿ 1ರಂದು ಅಷ್ಟೇ. ಅದರ ಬದಲು ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುವ ಅಂಟಿಗೆ ಪಂಟಿಗೆ ತಂಡ ನಿಮ್ಮ ಅಂಗಳಕ್ಕೆ ಬಂದಾಗ ವೀಡಿಯೊ ಕಾಲ್ ಮಾಡಿ. ಇಲ್ಲಿ ರಾತ್ರಿ ಹನ್ನೊಂದಾದರೂ ಅಲ್ಲಿ ಇನ್ನೂ ಊಟದ ಹೊತ್ತು. ಹಾಡುವವರನ್ನು ಒಂದು ಮಾತು ಕೇಳಿ ಫೋನ್ ಎತ್ತಿ, ಮತ್ತೆ ಫೋನಿನ ಗಡಿಬಿಡಿಯಲ್ಲಿ ಅವರ ದೀಪಕ್ಕೆ ಎಣ್ಣೆ ಹಾಕುವುದನ್ನು ಬಿಟ್ಟೀರಿ!