ಗಾಡಿ ಎಳೆಯುವ ತಟ್ಟುವಿನ ಬೂಟು ತಿರುಚಿಕೊಳ್ಳುವುದಕ್ಕೆ

ನಮಸ್ಕಾರ. ಚಿತ್ರದುರ್ಗದ ಜಲ್ಲಿ ರಸ್ತೆಗೆಂದು ತಟ್ಟುವಿಗೆ ತರಿಸಿದ ಗೊರಸಿನ ಬೂಟು ತಿರುಚಿಕೊಳ್ಳುತ್ತದೆ, ಹಿಮ್ಮಡಿ ಕೆಂಪಾಗಿದೆ, ಪಟ್ಟಿ ಇನ್ನೂ ಬಿಗಿಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಗಿಯಬೇಡಿ. ತಿರುಚುವುದು ಹೆಚ್ಚಾಗಿ ಅಳತೆ ದೊಡ್ಡದಾದಾಗ. ಬಿಗಿದರೆ ಚರ್ಮ ಇನ್ನಷ್ಟು ಉಜ್ಜುತ್ತದೆ. ಗಾಯ ಮಾಯುವವರೆಗೆ ಬೂಟೂ ಬೇಡ, ಗಾಡಿಯೂ ಬೇಡ.

ಗೊರಸು ಕತ್ತರಿಸಿದ ಒಂದೆರಡು ದಿನದೊಳಗೆ ಅಳೆಯಿರಿ. ಕಾಲೆತ್ತಿ, ಮಣ್ಣು ಕೆರೆದು, ಅಡಿಭಾಗದ ಅತಿ ಅಗಲದ ಜಾಗ ಒಂದು ಅಳತೆ. ಮುಂತುದಿಯಿಂದ ಹಿಮ್ಮಡಿಯ ಗಟ್ಟಿ ಅಂಚಿನವರೆಗೆ ಇನ್ನೊಂದು. ಹಿಂದಿನ ಮೆತ್ತನೆ ಉಬ್ಬು ಸೇರಿಸಬಾರದು, ಉದ್ದ ತಪ್ಪುವುದು ಹೆಚ್ಚಾಗಿ ಇಲ್ಲೇ. ಮಿಲಿಮೀಟರಿನಲ್ಲೇ ಬರೆಯಿರಿ: ಇಷ್ಟು ಸಣ್ಣ ಗೊರಸಿಗೆ 5 ಮಿ.ಮೀ. ದೊಡ್ಡ ವ್ಯತ್ಯಾಸ. ರಟ್ಟಿನ ಮೇಲೆ ಪೆನ್ಸಿಲ್ ಗೆರೆ ಎಳೆದರೆ ಅಳತೆ ಹಿಗ್ಗುತ್ತದೆ. ನಾಲ್ಕೂ ಕಾಲು ಬೇರೆ ಬೇರೆ ಅಳೆಯಿರಿ. ಮುಂಗಾಲಿನ ಗೊರಸು ದುಂಡಗೆ, ಹಿಂಗಾಲಿನದು ಕಿರಿದು.

ದೊಡ್ಡ ಕುದುರೆಯ ಬೂಟಿನ ಕೊನೆಯ ಸೈಜಿಗಿಂತ ಸಣ್ಣ ತಳಿಗೆಂದೇ ಮಾಡಿದ್ದು ಮೇಲು. ದೊಡ್ಡದರ ಕತ್ತು ಎತ್ತರವಾಗಿ ಗೊರಸಿನ ಮೇಲಿನ ಕೂದಲಂಚನ್ನು ಒತ್ತುತ್ತದೆ, ಅಟ್ಟೆ ದಪ್ಪವಾಗಿ ಹಗುರ ಪ್ರಾಣಿ ಎಡವುತ್ತದೆ.

ಹೊಸದನ್ನು ಮೊದಲ ದಿನ 15 ನಿಮಿಷ, ಹಗ್ಗ ಹಿಡಿದು ಬರೀ ನಡಿಗೆ, ಗಾಡಿ ಕಟ್ಟದೆ. ಬಿಚ್ಚಿ ನೋಡಿ: ಕೂದಲು ಕೆದರಿದ್ದರೆ, ಚರ್ಮ ಬಿಸಿಯಾಗಿದ್ದರೆ ಅಲ್ಲಿ ಉಜ್ಜುತ್ತಿದೆ. ಕೆಲಸ ಮುಗಿದ ಕೂಡಲೇ ಬಿಚ್ಚಿ, ತೊಳೆದು ಒಣಗಿಸಿ. ಒದ್ದೆ ಬೂಟಿನಲ್ಲಿ ಗೊರಸಿನ ಅಡಿ ಕೊಳೆಯುತ್ತದೆ. ದಾವಣಗೆರೆ ಕಡೆ ಎರೆ ಹೊಲದ ಕೆಸರಿಗೆ ಇಳಿಸಬೇಡಿ, ಮಣ್ಣು ಹೀರಿ ಬೂಟು ಕಳಚುತ್ತದೆ.