ಬಿಲ್ಲು ಕೂಡಿಸಿದವನೂ ಬುದ್ಧಿಜೀವಿಯೇ

ಮದ್ದೂರಿನ ಓದುಗರೊಬ್ಬರು ಬರೆದಿದ್ದಾರೆ: ‘ಹಿಂದೆ ಮೈಸೂರಿನ ಮೇಷ್ಟ್ರುಗಳು ಬಾಯಿ ತೆರೆದರೆ ಜನ ಕಿವಿಗೊಡುತ್ತಿದ್ದರು. ಈಗಿನ ಬುದ್ಧಿಜೀವಿಗಳು ಟಿವಿಯಲ್ಲಿ ಕೂಗಾಡುತ್ತಾರೆ, ಇಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಾರೆ. ನಿಮ್ಮ ಪತ್ರಿಕೆಯೂ ಅದೇ ನಾಲ್ಕು ಜನರನ್ನು ಕೇಳುತ್ತದೆ. ಯಾಕೆ ಹೀಗಾಯಿತು?’

ಸಂಪಾದಕರ ಉತ್ತರ:

ಸ್ವಾಮಿ, ನಿಮ್ಮ ಕೊನೆಯ ಮಾತು ಸರಿಯಾಗಿಯೇ ಚುಚ್ಚಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ‘ಬುದ್ಧಿಜೀವಿ’ ಎಂಬ ಪದದ ಗತಿ ನೋಡಿ. ಮೊನ್ನೆ ಅಗ್ರಹಾರದ ಹೋಟೆಲೊಂದರಲ್ಲಿ ದೋಸೆಗೆ ಕಾಯುತ್ತಿದ್ದೆ. ಪಕ್ಕದ ಟೇಬಲ್ಲಿನ ಹುಡುಗ ಬಿಲ್ಲು ಕೂಡಿಸಿ ನೋಡಿ, ‘ಎರಡು ಕಾಫಿ ಜಾಸ್ತಿ ಹಾಕಿದ್ದೀರಿ’ ಅಂದ. ಅವನ ಗೆಳೆಯ, ‘ಸುಮ್ನೆ ಕೊಟ್ಬಿಡೋ ಬುದ್ಧಿಜೀವಿ’ ಅಂತ ರೇಗಿಸಿದ. ಲೆಕ್ಕ ಕೇಳಿದ್ದಕ್ಕೇ ಈ ಬೈಗುಳ!

ಹಿಂದಿನ ಮೇಷ್ಟ್ರುಗಳ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಊರುಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಟ್ಟರು. ಅವೇ ಆಮೇಲೆ ಪುಟ್ಟ ಪುಸ್ತಕಗಳಾಗಿ ಬಂದವು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವಾಟ್‌ನ ಯಂತ್ರ ಇಟ್ಟು ರೇಡಿಯೋ ಶುರು ಮಾಡಿದರು. ಆ ರೇಡಿಯೋಗೆ ಇಟ್ಟ ಹೆಸರೇ ಆಕಾಶವಾಣಿ. ಅವರ ಕೆಲಸ ತರಗತಿಯಲ್ಲಿ ಪಾಠ ಹೇಳುವುದು. ಅಷ್ಟು ಮಾಡಿ ಮನೆಗೆ ಹೋಗಿ ಮಲಗಿದ್ದರೆ ಯಾರೂ ಬೈಯುತ್ತಿರಲಿಲ್ಲ, ಅಲ್ವಾ?

ಆದರೆ ಆ ಕಾಲಕ್ಕೆ ಚಿನ್ನದ ಬಣ್ಣ ಬಳಿಯೋದು ಬೇಡ. ವೇದಿಕೆ ಮೇಲೆ ಯಾರಿದ್ದರು, ಕೆಳಗೆ ಯಾರು ಕೂತಿದ್ದರು? 1973ರಲ್ಲಿ ದಲಿತ ನಾಯಕ, ಸಚಿವ ಬಿ. ಬಸವಲಿಂಗಪ್ಪ ಇದೇ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಜಾಸ್ತಿ ಎಂಬರ್ಥದ ಮಾತಾಡಿದರು. ದೊಡ್ಡ ಗಲಾಟೆಯಾಯಿತು, ಅವರ ಕುರ್ಚಿ ಹೋಯಿತು. ಕೆಳಗೆ ಕೂತಿದ್ದವರ ಮಕ್ಕಳು ಮಾತ್ರ ಎದ್ದು ನಿಂತರು. ದಲಿತ ಸಂಘರ್ಷ ಸಮಿತಿಯ ಬೇರು ಅಲ್ಲಿದೆ. 1980ರ ಹೊತ್ತಿಗೆ ಕಾನೂನು ಮೇಷ್ಟ್ರು ಎಂ.ಡಿ. ನಂಜುಂಡಸ್ವಾಮಿ ಹಸಿರು ಶಾಲು ಹೊದ್ದು ರೈತರ ನಡುವೆ ನಿಂತರು. ನಿಮ್ಮ ಮಂಡ್ಯದ ಕಡೆಯವರಿಗೆ ಇದನ್ನು ನಾನು ಹೇಳಬೇಕೇ?

ಈಗೇನಾಗಿದೆ? ಟಿವಿಯವರಿಗೆ ಬೆಳಗ್ಗೆ ಕಾವೇರಿ, ಮಧ್ಯಾಹ್ನ ಪಠ್ಯಪುಸ್ತಕ, ರಾತ್ರಿ ಸಿನಿಮಾ ಜಗಳ. ಎಲ್ಲಕ್ಕೂ ಒಬ್ಬರೇ ಉತ್ತರ ಕೊಡಬೇಕು, ಅದೂ ಅರ್ಧ ನಿಮಿಷದಲ್ಲಿ. ಊರ ಉಪನ್ಯಾಸದಲ್ಲಾದರೆ ಹಿಂದಿನ ಸಾಲಿನಿಂದ ಒಬ್ಬ ಎದ್ದು, ‘ಅದೆಂಗೆ ಸ್ವಾಮಿ?’ ಅನ್ನಬಹುದಿತ್ತು.

ಬಾಯಿಗೆ ಬೀಗ ಹಾಕಿಕೊಂಡವರ ಕಥೆ ಬೇರೆ. ಅತಿಥಿ ಉಪನ್ಯಾಸಕರೊಬ್ಬರು ನಮಗೆ ಒಳ್ಳೆಯ ಲೇಖನ ಕಳಿಸಿದ್ದರು. ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಫೋನ್ ಮಾಡಿ, ‘ಸರ್, ಹೆಸರು ತೆಗೆದುಬಿಡಿ’ ಅಂದರು. ಮುಂದಿನ ವರ್ಷದ ನೇಮಕದ ಆರ್ಡರ್ ಬರಬೇಕಲ್ಲ. ಅವರನ್ನು ಹೇಡಿ ಅನ್ನಲು ನನಗೆ ಮನಸ್ಸಾಗಲಿಲ್ಲ. ತಿಂಗಳಿಗೊಮ್ಮೆ ಸಂಬಳ ಬರುವ ನಾವು ಕೆಲವರು ಸುಮ್ಮನಿದ್ದೇವಲ್ಲ, ಅದಕ್ಕೆ ನೆಪ ಸಿಗುವುದಿಲ್ಲ.

ಇನ್ನು ಆ ನಾಲ್ಕು ಜನ. ಸಂಜೆ ಆರಕ್ಕೆ ಪುಟ ಮುಗಿಯಬೇಕು, ತಕ್ಷಣ ಫೋನ್ ಎತ್ತುವವರು ಅವರೇ. ಅದು ನಮ್ಮ ಸೋಮಾರಿತನ, ಅವರ ತಪ್ಪಲ್ಲ. ಈ ಸಲ ಚೌಳು ಹಿಡಿದ ಗದ್ದೆಗಳ ಬಗ್ಗೆ ಬರಹ ಬೇಕಿತ್ತು. ನಾಲೆಯ ಕೊನೆಯ ಭಾಗದ ರೈತರೊಬ್ಬರಿಗೆ ಫೋನ್ ಮಾಡಿದೆ. ಯಾವ ವರ್ಷ ನೀರು ಯಾವತ್ತು ಬಂತು, ಯಾವ ಮಡಿಯಲ್ಲಿ ಬಿಳಿ ಉಪ್ಪು ಎದ್ದಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುವವರು. ‘ಫೋನಲ್ಲಿ ಆಗಲ್ಲ ಸ್ವಾಮಿ. ನಾಟಿ ಮುಗೀಲಿ, ಬಂದು ಗದ್ದೆ ನೋಡಿ’ ಅಂದರು.

ನಿಮ್ಮ ತಾಲ್ಲೂಕಿನವರೇ. ಮುಂದಿನ ವಾರ ಹೊರಟಿದ್ದೇನೆ. ಬಿಡುವಿದ್ದರೆ ನೀವೂ ಬನ್ನಿ. ಮದ್ದೂರು ವಡೆ ನನ್ನ ಲೆಕ್ಕ, ಬಿಲ್ಲು ಮಾತ್ರ ಇಬ್ಬರೂ ಕೂಡಿಸಿ ನೋಡೋಣ.