ಒಂಬತ್ತು ಚೌಕದ ಬ್ಲಾಕಿನಲ್ಲಿ ಮೂಲೆ ಕೂಡದಿದ್ದರೆ

ಕೌದಿಯ ಒಂದು ಬ್ಲಾಕಿಗೆ (ಬಟ್ಟೆ ತುಂಡು ಜೋಡಿಸಿ ಹೊಲಿದ ಚೌಕಕ್ಕೆ) 2½ ಇಂಚಿನ ಒಂಬತ್ತು ಬಟ್ಟೆ ಚೌಕ ಜೋಡಿಸಿದಾಗ ನಡುವಿನ ಮೂಲೆಗಳು ಕೂಡುತ್ತಿಲ್ಲ ಅಂದಿದ್ದೀರಿ. ಮೊದಲು ಅಳತೆ ನೋಡಿ. ಪರೀಕ್ಷೆಗೆ 1½ ಇಂಚು ಅಗಲದ ಮೂರು ಪಟ್ಟಿಯನ್ನು ಕಾಲಿಂಚು ಅಂಚು ಬಿಟ್ಟು ಕೂಡಿಸಿ ಹೊಲಿದು ಇಸ್ತ್ರಿ ಮಾಡಿ. ನಡುವಿನದು ಸರಿಯಾಗಿ 1 ಇಂಚು ಬರಬೇಕು. ಕಡಿಮೆ ಬಂದರೆ, ಮಡಿಕೆಯೇ ಸ್ವಲ್ಪ ಬಟ್ಟೆ ತಿಂದಿದೆ. ಕಾಲಿಂಚಿಗಿಂತ ಒಂದೆರಡು ಎಳೆ ಕಡಿಮೆ ಅಂಚು ಬಿಟ್ಟು ಹೊಲಿಯಿರಿ.

ಅಳತೆ ಸರಿಯಿದ್ದರೆ ಇಸ್ತ್ರಿ ನೋಡಿ. ಬಟ್ಟೆಯ ಮುಖದ ಕಡೆಯಿಂದ ನೋಡಿದಂತೆ ಮೊದಲ, ಮೂರನೇ ಸಾಲಿನ ಹೊಲಿಗೆ ಅಂಚುಗಳನ್ನು ಎಡಕ್ಕೆ, ನಡುಸಾಲಿನದನ್ನು ಬಲಕ್ಕೆ ಮಡಿಸಿ ಒತ್ತಿ. ಇಸ್ತ್ರಿ ಪೆಟ್ಟಿಗೆಯನ್ನು ಒತ್ತಬೇಕು, ಎಳೆಯಬಾರದು. ಎಳೆದರೆ ಬಟ್ಟೆ ಹಿಗ್ಗುತ್ತದೆ. ಸಾಲುಗಳನ್ನು ಮುಖಕ್ಕೆ ಮುಖ ಇಟ್ಟಾಗ ಎರಡು ಮಡಿಕೆಗಳೂ ಒಂದಕ್ಕೊಂದು ಒತ್ತಿ ಕೂರುತ್ತವೆ, ಬೆರಳಾಡಿಸಿದರೆ ಉಬ್ಬು ಸಿಗುವುದಿಲ್ಲ.

ಹೊಲಿಗೆ ಮಿಷನ್ನಿನಲ್ಲಿ ಸೂಜಿಯ ಅಡಿಯ ಹಲ್ಲು ಕೆಳಗಿನ ಬಟ್ಟೆಯನ್ನು ಎಳೆಯುತ್ತದೆ, ಬಟ್ಟೆ ಒತ್ತಿ ಹಿಡಿಯುವ ಪಾದ ಮೇಲಿನದನ್ನು ತಡೆಯುತ್ತದೆ. ಹಾಗಾಗಿ ಮೇಲಿನ ಮಡಿಕೆ ಸೂಜಿಯತ್ತ ತಿರುಗಿದ್ದರೆ ಪಾದವೇ ಅದನ್ನು ಬಿಗಿಸುತ್ತದೆ. ಮೊದಲ ಎರಡು ಸಾಲು ಕೂಡಿಸುವಾಗ ಇದು ತಾನಾಗೇ ಆಗುತ್ತದೆ. ಮೂರನೇ ಸಾಲು ಕೂಡಿಸುವಾಗ ಮಾತ್ರ ಮೇಲಿನ ಮಡಿಕೆ ನಿಮ್ಮತ್ತಲೇ ಇರುತ್ತದೆ, ಜೋಡಿಯನ್ನು ಮಗುಚಿ ಇಟ್ಟರೂ ಬದಲಾಗದು. ಮೂಲೆ ಜಾರುವುದು ಹೆಚ್ಚಾಗಿ ಅಲ್ಲೇ. ಅಲ್ಲಿ ಮಡಿಕೆಯ ಎರಡೂ ಬದಿಗೆ ತೆಳು ಪಿನ್ನು ಚುಚ್ಚಿ, ಸೂಜಿ ಹತ್ತಿರ ಬಂದಾಗಲೇ ತೆಗೆಯಿರಿ.